ಬೆಡ್‌ಫರ್ಡಿನ ಚರ್ಚುಗಳೂ ಒಂದು ಕೊಟ್ಟಿಗೆಯ ಸಭೆಯೂ

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬಾಸೆಲ್ ಮಿಶನ್ನಿನವರ ಪ್ರಯತ್ನದಿಂದ ಹೊರಬಂದ ‘ಯಾತ್ರಿಕನ ಸಂಚಾರ’ವು ಕನ್ನಡ ಗದ್ಯದ ಚರಿತ್ರೆಯಲ್ಲಿ ಉಲ್ಲೇಖಗೊಳ್ಳುತ್ತಲೇ ಬಂದಿರುವ ಕೃತಿ. ಅದರ ಮೂಲಕರ್ತೃ ಜಾನ್ ಬನ್ಯನ್ (1628–1688) ಸೆರೆವಾಸ ಅನುಭವಿಸಿದನೆಂಬುದು ನಮ್ಮಲ್ಲಿ ತಿಳಿದ ಸಂಗತಿ. ಆದರೆ ಅವನನ್ನು ರೂಪಿಸಿದ ಸಭೆ ಯಾವುದು, ಅದಕ್ಕೂ ಊರಿನ ಹಳೆಯ ಚರ್ಚುಗಳಿಗೂ ಇದ್ದ ಸಂಬಂಧವೇನು ಎಂಬುದರ ಕಡೆಗೆ ಅಷ್ಟಾಗಿ ಲಕ್ಷ್ಯ ಹರಿದಿಲ್ಲ.

ಬೆಡ್‌ಫರ್ಡ್ ಊಸ್ ನದಿಯ ಇಕ್ಕೆಲಗಳಲ್ಲಿ ಬೆಳೆದ ಪಟ್ಟಣ. ಉತ್ತರದ ದಡದಲ್ಲಿ ಸೇಂಟ್ ಪಾಲ್, ಸೇಂಟ್ ಪೀಟರ್, ಸೇಂಟ್ ಕತ್‌ಬರ್ಟ್. ದಕ್ಷಿಣದಲ್ಲಿ ಸೇಂಟ್ ಮೇರಿ, ಸೇಂಟ್ ಜಾನ್. ಈ ಐದೂ ಮಧ್ಯಯುಗದಿಂದ ಬಂದ ಪ್ಯಾರಿಷ್‌ಗಳು. ಇವುಗಳಿಗೆ ಹೊರತಾದ ಸ್ವತಂತ್ರ ಸಭೆಯೊಂದು 1650ರಲ್ಲಿ ಹುಟ್ಟಿತು. ಅದರ ಮೊದಲ ಪಾಲಕ ಜಾನ್ ಗಿಫರ್ಡ್ ವಿಚಿತ್ರ ಹಿನ್ನೆಲೆಯವನು: ರಾಜಪಕ್ಷದ ಸೈನ್ಯದಲ್ಲಿ ಮೇಜರ್ ಆಗಿದ್ದು, 1648ರಲ್ಲಿ ಸೆರೆಸಿಕ್ಕಿ, ಮರಣದಂಡನೆಯಿಂದ ತಪ್ಪಿಸಿಕೊಂಡು ಬಂದು ಇಲ್ಲಿ ವೈದ್ಯವೃತ್ತಿ ಹಿಡಿದವನು; ಜೂಜುಕೋರ ಬೇರೆ. ಮನಃಪರಿವರ್ತನೆಯ ಬಳಿಕ ಸುಮಾರು ಹನ್ನೆರಡು ಮಂದಿಯ ಗುಂಪಿಗೆ ಅವನು ನಾಯಕನಾದನು. 1653ರಲ್ಲಿ ಸೇಂಟ್ ಜಾನ್ ಚರ್ಚಿನ ಅಧಿಕಾರವೂ ಅವನಿಗೆ ದೊರೆಯಿತು. ಕ್ರಾಮ್‌ವೆಲ್‌ನ ಕಾಲದಲ್ಲಿ ಮಾತ್ರ ಸಾಧ್ಯವಾಗಿದ್ದ ವ್ಯವಸ್ಥೆಯಿದು.

1655ರಲ್ಲಿ ಸಾಯುವ ಮುನ್ನ ಗಿಫರ್ಡ್ ಸಭೆಗೆ ಬರೆದ ಪತ್ರವು ಸಭೆಯ ದಾಖಲೆಪುಸ್ತಕದಲ್ಲಿ ಉಳಿದುಬಂದಿದೆ. ದೀಕ್ಷಾಸ್ನಾನ, ಹಸ್ತಾರ್ಪಣೆ, ಕೀರ್ತನಗಾಯನ ಮುಂತಾದ ಬಾಹ್ಯಾಚಾರಗಳ ನಿಮಿತ್ತ ಯಾರೂ ಸಭೆಯಿಂದ ಬೇರೆಯಾಗಬಾರದೆಂಬುದು ಅದರ ತಿರುಳು. ಶಿಶುಗಳಿಗೆ ದೀಕ್ಷಾಸ್ನಾನ ಸಲ್ಲುವುದೋ ಪ್ರಾಪ್ತವಯಸ್ಕರಿಗೆ ಮಾತ್ರವೋ ಎಂಬ ವಾದ ಇಂಗ್ಲೆಂಡಿನ ಸಭೆಗಳನ್ನು ಒಡೆಯುತ್ತಿದ್ದಾಗ ಈ ನಿಲುವು ಅಪರೂಪದ್ದು. ಬನ್ಯನ್ನನೂ 1673ರ ತನ್ನ ಪುಸ್ತಿಕೆಯೊಂದರಲ್ಲಿ ಇದನ್ನೇ ಸಮರ್ಥಿಸಿದನು.

1660ರಲ್ಲಿ ಅರಸೊತ್ತಿಗೆ ಮರಳಿತು. ಸಭೆಯು ಸೇಂಟ್ ಜಾನ್ ಚರ್ಚನ್ನು ಕಳೆದುಕೊಂಡಿತು. ಅದೇ ನವೆಂಬರಿನಲ್ಲಿ ಬನ್ಯನ್ನನ ಬಂಧನವಾಯಿತು. ಮುಂದಿನ ಹನ್ನೆರಡು ವರ್ಷ ಅವನು ಸೆರೆಯಲ್ಲಿ, ಸಭೆ ಸದಸ್ಯರ ಮನೆಗಳಲ್ಲಿ. 1670ರ ಶಾಸನವಂತೂ ಇಂಥ ಕೂಟಗಳಲ್ಲಿ ಬೋಧಿಸಿದವನಿಗೆ 20 ಪೌಂಡು, ಮೊದಲ ಸಲ ಸೇರಿದವನಿಗೆ 5 ಶಿಲ್ಲಿಂಗ್ ದಂಡ ವಿಧಿಸಿತು. ಆ ವರ್ಷದ ಮೇ ತಿಂಗಳಲ್ಲಿ ಟೋಪಿ ವ್ಯಾಪಾರಿ ಜಾನ್ ಫೆನ್ ಎಂಬವನ ಮನೆಯ ಕೂಟದ ಮೇಲೆ ದಾಳಿ ನಡೆಯಿತು. ಆದರೆ ಜಪ್ತಿಯ ಸರಕನ್ನು ಹೊರಲು ಊರಿನ ಹೊರೆಯಾಳುಗಳು ಒಪ್ಪಲಿಲ್ಲ. ಪ್ಯಾರಿಷ್ ಚರ್ಚಿಗೆ ಹೋಗುವವರಲ್ಲಿಯೂ ಈ ಜನರ ಬಗ್ಗೆ ಅನುಕಂಪವಿತ್ತೆಂದು ಇದರಿಂದ ಊಹಿಸಬಹುದು.

1672ರಲ್ಲಿ ಎರಡನೆಯ ಚಾರ್ಲ್ಸ್ ಸಡಿಲಿಕೆಯ ಘೋಷಣೆ ಹೊರಡಿಸಿದಾಗ ಬನ್ಯನ್ ಬಿಡುಗಡೆ ಹೊಂದಿದನು. ಆ ವೇಳೆಗಾಗಲೇ ಸಭೆ ಅವನನ್ನು ಪಾಲಕನನ್ನಾಗಿ ಆರಿಸಿಕೊಂಡಿತ್ತು. ಮಿಲ್ ಬೀದಿಯ ಹಣ್ಣಿನ ತೋಟವೊಂದರ ಕೊಟ್ಟಿಗೆಯನ್ನು 50 ಪೌಂಡಿಗೆ ಕೊಂಡು ಆರಾಧನಾಮಂದಿರ ಮಾಡಿಕೊಂಡರು. ಕೊಟ್ಟಿಗೆಯ ಸ್ಥಳದಲ್ಲಿ 1707ರಲ್ಲಿ ಮಂದಿರ ಎದ್ದಿತು. ಈಗಿನ ಕಟ್ಟಡ 1850ರದು.

ಗಿಫರ್ಡ್‌ನ ಮಾತು ಮುರಿದದ್ದು 1772ರಲ್ಲಿ. ಅಂದಿನ ಪಾಲಕ ಜೋಶುವಾ ಸಿಮಂಡ್ಸ್ ಶಿಶು ದೀಕ್ಷಾಸ್ನಾನವನ್ನು ಕೈಬಿಟ್ಟನು. ಸಭೆಯ ಬಹುಭಾಗ ಅವನನ್ನು ಉಳಿಸಿಕೊಂಡಿತು. ಒಪ್ಪದವರು ಹೊರನಡೆದು ಅದೇ ಬೀದಿಯಲ್ಲಿ ಹೊಸ ಮಂದಿರ ಕಟ್ಟಿದರು. ಹೀಗೆ ಹೊರನಡೆದವರಲ್ಲಿ ಪ್ರಮುಖನೆಂದರೆ ಜಾನ್ ಹೋವರ್ಡ್. ಮರುವರ್ಷ ಈತ ಜಿಲ್ಲೆಯ ಹೈ ಶೆರಿಫ್ ಆಗಿ ಬೆಡ್‌ಫರ್ಡಿನ ಕಾರಾಗೃಹವನ್ನು ಪರಿಶೀಲಿಸಿದನು. ನಿರಪರಾಧಿಗಳೆಂದು ತೀರ್ಮಾನವಾದವರೂ ಜೈಲರನ ಶುಲ್ಕ ತೆರಲಾಗದೆ ಒಳಗೇ ಕೊಳೆಯುತ್ತಿದ್ದುದನ್ನು ಕಂಡನು. ಕಾರಾಗೃಹ ಸುಧಾರಣೆಯ ಚರಿತ್ರೆ ಅಲ್ಲಿಂದ ಮೊದಲಾಗುತ್ತದೆ. ಬನ್ಯನ್ನನ ಸಭೆಯಿಂದ ಬಂದವನೊಬ್ಬನೇ ಬೆಡ್‌ಫರ್ಡಿನ ಸೆರೆಮನೆಯ ಕತ್ತಲನ್ನು ಲೋಕಕ್ಕೆ ತೋರಿಸಿದನೆಂಬುದನ್ನು ಬರಿಯ ಆಕಸ್ಮಿಕವೆನ್ನಲು ನನಗೆ ಮನಸ್ಸು ಬಾರದು.

ಊರಿನಲ್ಲಿ ಇತರ ಪಂಥಗಳೂ ನೆಲೆಯೂರಿದುವು. 1745ರಲ್ಲಿ ಮೊರೇವಿಯನ್ನರ ಸಭೆ ಸ್ಥಾಪಿತವಾಯಿತು. 1758ರಲ್ಲಿ ಜಾನ್ ವೆಸ್ಲಿ ಸೇಂಟ್ ಪಾಲ್ ಚರ್ಚಿನಲ್ಲಿಯೇ ಬೋಧಿಸಿದನು. ಇಟ್ಟಿಗೆ ಕಾರ್ಖಾನೆಗಳಿಗೆ 1950ರ ದಶಕದಲ್ಲಿ ದುಡಿಯಬಂದ ಇಟಾಲಿಯನ್ನರು ತಮ್ಮದೇ ಚರ್ಚನ್ನು 1965ರಲ್ಲಿ ಪಡೆದರು.

ಹೋವರ್ಡ್‌ನ ಪಕ್ಷದ ಮಂದಿರ ಇಂದು ಆರಾಧನಾಸ್ಥಳವಾಗಿ ಉಳಿದಿಲ್ಲ. ಬನ್ಯನ್ ಸಭೆ ಉಳಿದಿದೆ. ‘ಯಾತ್ರಿಕನ ಸಂಚಾರ’ದ ದೃಶ್ಯಗಳುಳ್ಳ ಅದರ ಕಂಚಿನ ಬಾಗಿಲುಗಳನ್ನು 1876ರಲ್ಲಿ ಬೆಡ್‌ಫರ್ಡಿನ ಡ್ಯೂಕ್ ಕೊಡುಗೆಯಾಗಿತ್ತನು. ಬ್ಯಾಪ್ಟಿಸ್ಟ್ ಒಕ್ಕೂಟ, ಕಾಂಗ್ರಿಗೇಷನಲ್ ಒಕ್ಕೂಟ ಎರಡರಲ್ಲಿಯೂ ಆ ಸಭೆ ಸದಸ್ಯತ್ವ ಹೊಂದಿದೆ.