ಪುಟದ ಅಂಚೂ ಬೇಕು: ಯಾದಗಿರಿ ಸೀಮೆಯ ಕುಟುಂಬ ಚರಿತ್ರೆಗೆ ಕಥೋಲಿಕ ದಾಖಲೆಗಳು

ಯಾದಗಿರಿ, ಶಹಾಪುರ, ಸುರಪುರದ ಕಥೋಲಿಕ ಮನೆತನವೊಂದರ ಹಿಂದಿನ ತಲೆಮಾರುಗಳನ್ನು ಹುಡುಕಲು ಊರಿನ ಹೆಸರೊಂದೇ ಸಾಲದು. ಆ ಊರು ಯಾವಾಗ ಯಾರ ಆಡಳಿತಕ್ಕೆ ಸೇರಿತ್ತೆಂಬುದೂ ತಿಳಿದಿರಬೇಕು. ಈ ಮೂರು ತಾಲ್ಲೂಕುಗಳು ಸೇರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಅದಕ್ಕೆ ಮೊದಲು ಇವು ಗುಲ್ಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯವು, 1948ರವರೆಗೆ ನಿಜಾಮರ ರಾಜ್ಯದವು. ಸುರಪುರವಂತೂ 1858ರ ಬಂಡಾಯದವರೆಗೆ ಬೇಡ ನಾಯಕರ ಸಂಸ್ಥಾನ. ಚರ್ಚಿನ ಗಡಿಗಳೂ ಹೀಗೆಯೇ ಬದಲಾಗಿವೆ. ಹೈದರಾಬಾದಿನ ಮಿಷನ್ 1851ರಲ್ಲಿ ವಿಕಾರಿಯೇಟ್ (ಧರ್ಮಪ್ರಾಂತ್ಯಕ್ಕೆ ಮುಂಚಿನ ಹಂತ) ಆಯಿತು, 1886ರಲ್ಲಿ ಧರ್ಮಪ್ರಾಂತ್ಯವಾಯಿತು. ಕಲಬುರಗಿ ಧರ್ಮಪ್ರಾಂತ್ಯ ಹುಟ್ಟಿದ್ದು 2005ರಲ್ಲಿ. ಹಾಗಾಗಿ ಅಜ್ಜಿಯ ಜ್ಞಾನಸ್ನಾನದ ವಿವರ ಕಲಬುರಗಿಯಲ್ಲಿ ಸಿಗಲಿಲ್ಲವೆಂದರೆ ಹುಡುಕಾಟ ಅಲ್ಲಿಗೆ ನಿಲ್ಲಬಾರದು.

ಇನ್ನೊಂದು ಎಚ್ಚರಿಕೆಯೂ ಬೇಕು. ಯಾದಗಿರಿಯಲ್ಲಿ ಮೆಥೊಡಿಸ್ಟ್ ಮಿಷನ್ನಿನ ಬೇರು ಆಳವಾಗಿದೆ. ಮನೆಯವರು ‘ನಾವು ಚರ್ಚಿನವರು’ ಎಂದ ಮಾತ್ರಕ್ಕೆ ಕಥೋಲಿಕರೆಂದು ಹಿಡಿದರೆ ಬೇರೆಯದೇ ಪುಸ್ತಕ ತಿರುವಿ ಹಾಕಬೇಕಾದೀತು.

ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಕಥೋಲಿಕ ಚರ್ಚಿನ ಪುಸ್ತಕಗಳ ಪರಂಪರೆ ಅದಕ್ಕಿಂತ ಬಹಳ ಹಳೆಯದು. ಮದುವೆಯ ದಾಖಲೆ ಇಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲೇ ವಿಧಿಸಿತ್ತು. 1614ರ ರೋಮನ್ ವಿಧಿಪುಸ್ತಕ ಮರಣದ ಪಟ್ಟಿಯನ್ನೂ ಸೇರಿಸಿತು. ಹೇಳವರು ಎತ್ತಿನ ಮೇಲೆ ಬಂದು ವಂಶಾವಳಿ ಒಪ್ಪಿಸುವ ನಾಡು ನಮ್ಮದು. ಆದರೆ ಅವರ ಕಡತದಲ್ಲಿ ಗಂಡುಮಕ್ಕಳ ಸಾಲೇ ಮುಖ್ಯ. ಜ್ಞಾನಸ್ನಾನದ ನಮೂದಿನಲ್ಲಿ ತಂದೆಯ ಜೊತೆ ತಾಯಿಯ ಹೆಸರೂ, ಜ್ಞಾನತಂದೆ, ಜ್ಞಾನತಾಯಿಯರ ಹೆಸರೂ ಇರುತ್ತವೆ. ಹೆಣ್ಣಿನ ಕಡೆಯ ನಂಟು ಹಿಡಿಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಅಪರೂಪ.

ಎಲ್ಲಕ್ಕಿಂತ ಬೆಲೆಯುಳ್ಳದ್ದು ಪುಟದ ಅಂಚು. ವ್ಯಾಟಿಕನ್ನಿನ 1907ರ ‘ನೆ ತೆಮೆರೆ’ ಆದೇಶ 1908ರ ಈಸ್ಟರ್‌ನಿಂದ ಜಾರಿಗೆ ಬಂದು, ಮದುವೆಯ ಸುದ್ದಿಯನ್ನು ಜ್ಞಾನಸ್ನಾನವಾದ ಚರ್ಚಿಗೆ ತಿಳಿಸಿ ಅಲ್ಲಿನ ಪುಸ್ತಕದಲ್ಲಿ ಬರೆಸಬೇಕೆಂದಿತು. ಶಹಾಪುರದ ಕಡೆ ಹುಟ್ಟಿದ ಹುಡುಗಿ ರಾಯಚೂರಿನಲ್ಲಿ ಮದುವೆಯಾಗಿದ್ದರೆ, ಆ ತಾರೀಖು, ಗಂಡನ ಹೆಸರು ಅವಳ ಜ್ಞಾನಸ್ನಾನದ ಸಾಲಿನ ಪಕ್ಕಕ್ಕೆ ಬಂದು ಕೂರಬೇಕು. ಡಿಜಿಟಲೀಕರಣದ ಭರದಲ್ಲಿ ಹೆಸರು, ತಾರೀಖುಗಳನ್ನಷ್ಟೇ ಕಂಪ್ಯೂಟರಿಗೆ ಏರಿಸಿದರೆ ಮೊದಲು ಕಳೆದುಹೋಗುವುದು ಈ ಪಕ್ಕದ ಬರಹವೇ. ಆದ್ದರಿಂದ ಇಡೀ ಪುಟದ ಚಿತ್ರವೇ ಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಹೆಸರು ಹುಡುಕುವಾಗಲೂ ತಾಳ್ಮೆ ಬೇಕು. ಮನೆಯಲ್ಲಿ ರಾಯಪ್ಪನೆಂದು ಕರೆಸಿಕೊಂಡವನು ಲ್ಯಾಟಿನ್ ಪುಸ್ತಕದಲ್ಲಿ ಪೆತ್ರುಸ್, ಚಿನ್ನಪ್ಪ ಪೌಲುಸ್, ಅರುಳಪ್ಪ ಯೊಆನ್ನೆಸ್ ಆಗಿರಬಹುದು. ನಿಜಾಮರ ಕಾಲದ ಸರ್ಕಾರಿ ಕಾಗದದಲ್ಲಿ ಫಸಲಿ (ಕಂದಾಯದ ಲೆಕ್ಕದ) ವರ್ಷವಿದ್ದರೆ 590 ಕೂಡಿಸಿ ನೋಡಬೇಕು. ಫಸಲಿ 1340 ಅಂದರೆ 1930-31.

ಹೊರಗಿನ ಸಂಗ್ರಹಗಳ ನೆರವು ಇಲ್ಲಿಗೆ ಕಡಿಮೆ. ಗೋವಾದ ಹಲವು ಚರ್ಚುಗಳ ಪುಸ್ತಕಗಳನ್ನು ಅಮೆರಿಕದ ಯೂಟಾ ವಂಶಾವಳಿ ಸಂಘ ಮೈಕ್ರೋಫಿಲ್ಮ್ ಮಾಡಿದೆ. ಆದರೆ ಆ ಸಂಘವನ್ನು ನಡೆಸುವ ಮಾರ್ಮನ್ ಪಂಥ ಸತ್ತವರ ಹೆಸರಿನಲ್ಲೂ ದೀಕ್ಷೆ ಕೊಡುತ್ತದೆ. ಅದನ್ನೊಪ್ಪದ ವ್ಯಾಟಿಕನ್ 2008ರಲ್ಲಿ, ಚರ್ಚಿನ ಪುಸ್ತಕಗಳನ್ನು ಆ ಪಂಥಕ್ಕೆ ಒದಗಿಸಬಾರದೆಂದು ಬಿಷಪ್‌ಗಳಿಗೆ ತಿಳಿಸಿತು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಹಲವು ಅಂತರ್ಜಾಲದಲ್ಲಿವೆ. ಅವುಗಳಲ್ಲಿ ಕಾಣುವವರು ಹೆಚ್ಚಾಗಿ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು. 1871ರಲ್ಲಿ ರಾಯಚೂರು ಮುಟ್ಟಿದ ರೈಲು ಮಾರ್ಗದ ನೌಕರರ ಮನೆತನಗಳಿಗೆ ಅವು ನೆರವಾಗಬಲ್ಲವು, ಹಳ್ಳಿಯ ಕನ್ನಡ ಕ್ರೈಸ್ತರಿಗೆ ಅಷ್ಟಾಗಿ ಅಲ್ಲ. ಅವರ ಪಾಲಿಗೆ ಧರ್ಮಕೇಂದ್ರದ ಕಪಾಟೇ ಗತಿ.

ಆ ಕಪಾಟಿನ ಪುಸ್ತಕಗಳನ್ನು ಎಲ್ಲರ ಕಣ್ಣಿಗೂ ತೆರೆದಿಡಬೇಕೆಂದು ನಾನು ವಾದಿಸಲಾರೆ. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಮಾನ್ಯತೆ ಇಲ್ಲ. ಹಾಗಾಗಿ ಬದುಕಿರುವವರೊಬ್ಬರ ಜ್ಞಾನಸ್ನಾನದ ನಮೂದು ಅಂತರ್ಜಾಲಕ್ಕೆ ಬಿದ್ದರೆ ಮಗಳ ಹಾಸ್ಟೆಲ್ ಸೀಟಿಗೋ ಮಗನ ನೌಕರಿಗೋ ಕುತ್ತಾಗಬಹುದು. ಪುಟಗಳ ಚಿತ್ರ ತೆಗೆದು ಧರ್ಮಪ್ರಾಂತ್ಯದಲ್ಲೇ ಭದ್ರವಾಗಿಟ್ಟು, ನೂರು ವರ್ಷ ದಾಟಿದ ನಮೂದುಗಳನ್ನು ಸಂಶೋಧಕರಿಗೂ ಉಳಿದವನ್ನು ಆಯಾ ಮನೆಯವರಿಗೂ ಕೊಡುವ ವ್ಯವಸ್ಥೆ ಇಲ್ಲಿಗೆ ಸರಿಹೊಂದುತ್ತದೆ.