ಗಂಟೆಯ ಏಳು ಪೆಟ್ಟು

ಒಂದು ಸ್ಟೀಲ್ ಲೋಟ, ಒಂದು ಚಮಚ ತೆಗೆದುಕೊಳ್ಳಿ. ಒಂದರಿಂದ ಹನ್ನೆರಡರವರೆಗೆ ಒಂದೇ ವೇಗದಲ್ಲಿ ಎಣಿಸುತ್ತಾ 1, 3, 5, 6, 8, 10, 12 ಬಂದಾಗ ಮಾತ್ರ ಲೋಟಕ್ಕೆ ಹೊಡೆಯಿರಿ. ನಿಲ್ಲಿಸದೆ ಮತ್ತೆ ಒಂದಕ್ಕೆ ಬನ್ನಿ. ಸುಲಭ ಅಲ್ಲವೇ? ಈಗ 1, 4, 7, 10ಕ್ಕೆ ಕಾಲು ತಟ್ಟಿ ನೋಡಿ.. ಕೈಯೂ ಕಾಲೂ ಕೂಡುವುದು 1 ಮತ್ತು 10ರಲ್ಲಿ ಮಾತ್ರ, ಮಿಕ್ಕಿದ್ದೆಲ್ಲ ಜಗಳ! ನನ್ನ ಕಾಲು ಚಮಚದ ಹಿಂದೆ ಓಡುವುದನ್ನು ನಿಲ್ಲಿಸಲು ಮೂರು ವಾರ ಹಿಡಿಯಿತು. ದಿನವಿಡೀ ಲೆಕ್ಕ ನೋಡುವ ಬ್ಯಾಂಕಿನವನ ಗತಿ ಇದು.

ಇದು ಪಶ್ಚಿಮ ಆಫ್ರಿಕಾದ ಘಾನಾ, ಟೋಗೋ ಕಡೆಯ ಎವೆ ಜನರ ಗಂಟೆಯ ಲಯ. ಗಂಟೆಯ ಹೆಸರು ಗಾಂಕೋಗುಯಿ. ದೊಡ್ಡದೊಂದು, ಚಿಕ್ಕದೊಂದು, ಎರಡು ಕಬ್ಬಿಣದ ಗಂಟೆಗಳು ಒಂದೇ ಹಿಡಿಗೆ ಸೇರಿರುತ್ತವೆ. ಒಳಗೆ ನಾಲಿಗೆ ಇಲ್ಲ, ಕೋಲಿನಿಂದ ಹೊಡೆಯುತ್ತಾರೆ. ಡ್ರಮ್ಮುಗಳು ಎಷ್ಟೇ ಇರಲಿ, ಎಲ್ಲರ ಕಿವಿಯೂ ಗಂಟೆಯ ಮೇಲೆ. ಹನ್ನೆರಡನ್ನು ಮೂರರಂತೆ ನಾಲ್ಕು ಭಾಗ ಮಾಡಬಹುದು, ಎರಡರಂತೆ ಆರು ಭಾಗವೂ ಮಾಡಬಹುದು. ಒಂದು ಡ್ರಮ್ ಹೀಗೆ, ಇನ್ನೊಂದು ಹಾಗೆ. ಗಂಟೆಯಾದರೋ ಮೊದಲ ಮೂರು ಪೆಟ್ಟು ಆರರ ಜೊತೆ ನಡೆದು, ನಾಲ್ಕನೆಯದರಲ್ಲಿ ಮೆಲ್ಲಗೆ ಜಾರಿಕೊಳ್ಳುತ್ತದೆ. ನಮ್ಮಲ್ಲಿ ತಾಳ ಹಾಕುವ ಕೈ ಇಷ್ಟು ತುಂಟತನ ಮಾಡುವುದಿಲ್ಲ.

ಇದನ್ನು ಕಾಗದಕ್ಕೆ ಇಳಿಸಲು ಹೊರಟವರಲ್ಲಿ ಎ. ಎಂ. ಜೋನ್ಸ್ ಮುಖ್ಯರು. ಉತ್ತರ ರೊಡೇಶಿಯಾದಲ್ಲಿ (ಇಂದಿನ ಜಾಂಬಿಯಾ) ಮಿಷನರಿಯಾಗಿದ್ದವರು. ಪ್ರತಿ ಪೆಟ್ಟೂ ಓಡುವ ಕಾಗದದ ಮೇಲೆ ಗುರುತಾಗುವ ಯಂತ್ರವೊಂದನ್ನು ಮಾಡಿಸಿ, ಲಂಡನ್ನಿನಲ್ಲಿ ಎವೆ ವಾದಕ ಡೆಸ್ಮಂಡ್ ಟೇ ಅವರನ್ನು ಕೂರಿಸಿಕೊಂಡು ನುಡಿಸಿದರು. 1959ರಲ್ಲಿ ಎರಡು ಸಂಪುಟದ ಪುಸ್ತಕ ಬಂತು. ಒಬ್ಬೊಬ್ಬ ವಾದಕನ 'ಒಂದು' ಒಂದೊಂದು ಕಡೆ ಶುರುವಾಗುತ್ತದೆ ಎಂಬುದು ಅವರ ತೀರ್ಮಾನ. ಘಾನಾದವರೇ ಆದ ಕೋಫಿ ಅಗಾವು ಮುಂತಾದವರು ಇದನ್ನು ಒಪ್ಪಲಿಲ್ಲ. ಕುಣಿಯುವವರ ಕಾಲು ನೋಡಿ, ಎಲ್ಲರಿಗೂ ನೆಲ ಒಂದೇ ಎಂದರು. ನನಗೂ ಅದೇ ಸರಿ ಅನಿಸುತ್ತದೆ. ಕಾಗದಕ್ಕೆ ಕಾಲು ಎಲ್ಲಿಂದ ಕಾಣಬೇಕು?

ಅದಕ್ಕೂ ಬಹಳ ಹಿಂದೆಯೇ ಈ ಲಯ ಗುಲಾಮರ ಹಡಗು ಹತ್ತಿತ್ತು. 1739ರಲ್ಲಿ ದಕ್ಷಿಣ ಕ್ಯಾರೊಲಿನಾದ ಸ್ಟೋನೋ ನದಿಯ ಬಳಿ ಗುಲಾಮರು ಡ್ರಮ್ ಬಾರಿಸುತ್ತಾ ದಂಗೆ ಎದ್ದರು. ಮರುವರ್ಷವೇ ಅಲ್ಲಿನ ಕಾನೂನು ಅವರ ಡ್ರಮ್ಮು, ಕಹಳೆಗಳನ್ನು ನಿಷೇಧಿಸಿತು. ಬಾರಿಸಿದರೆ ಸುದ್ದಿ ಹರಡುತ್ತದೆ ಎಂಬ ಭಯ. ಆ ಕಡೆ ಡ್ರಮ್ಮಿನ ಕೆಲಸವನ್ನು ಚಪ್ಪಾಳೆ, ತೊಡೆ, ಹೆಜ್ಜೆಗಳೇ ಮಾಡಬೇಕಾಯಿತು. ಕ್ಯೂಬಾ, ಬ್ರೆಜಿಲ್‌ಗಳಲ್ಲಿ ಮಾತ್ರ ದೇವರ ಕುಣಿತದಲ್ಲಿ ಅದೇ ಏಳು ಪೆಟ್ಟು ಉಳಿದುಕೊಂಡಿತು. ಬ್ರೆಜಿಲ್ಲಿನಲ್ಲಿ ಗಂಟೆಗೆ ಇಂದಿಗೂ ಯೊರುಬಾ ಹೆಸರೇ, ಅಗೋಗೋ. ಕ್ಯೂಬಾದಲ್ಲಿ ಹೊಲ ಕೆರೆಯುವ ಗುದ್ದಲಿಯ ಅಲಗನ್ನೇ ಗಂಟೆಯಾಗಿ ಬಾರಿಸಿದರು, ಈಗಲೂ ಬಾರಿಸುತ್ತಾರೆ! ಗುಲಾಮಗಿರಿ ಅಲ್ಲಿ ಮುಗಿದದ್ದು 1886ರಲ್ಲಿ, ಬ್ರೆಜಿಲ್ಲಿನಲ್ಲಿ 1888ರಲ್ಲಿ.

ನಮ್ಮ ಯಲ್ಲಾಪುರದ ಸಿದ್ದಿಗಳ ಡಮಾಮಿಯಲ್ಲೂ ಇದೇ ಲಯ ಇರಬಹುದಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ಅವಸರ ಬೇಡ. ಸಿದ್ದಿಗಳ ಹಿರಿಯರು ಬಂದದ್ದು ಹೆಚ್ಚಾಗಿ ಪೂರ್ವ ಆಫ್ರಿಕಾದಿಂದ, ದಾರಿಯೇ ಬೇರೆ.

ಅಂದ ಹಾಗೆ, ಲೋಟ ಹಿಡಿದು ಕೂತವರಿಗೆ ಒಂದು ಮಾತು. ಮೊದಲು ಕಾಲು ನೆಲೆಯಾಗಲಿ, ಆಮೇಲೆ ಚಮಚ. ನಾನು ಉಲ್ಟಾ ಮಾಡಿದ್ದೆ.