ಮತದಾನದ ಮರುದಿನ

ನಂಜನಗೂಡು ಮತ್ತು ತಿ. ನರಸೀಪುರ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಅವು ಸೇರಿರುವ ಚಾಮರಾಜನಗರ ಲೋಕಸಭಾ ಕ್ಷೇತ್ರವೂ ಮೀಸಲೇ. ಮೀಸಲು ಕ್ಷೇತ್ರದಲ್ಲಿ ಯಾರು ಗೆದ್ದರೂ ಅವರು ದಲಿತರೇ. ಹಾಗೆಂದು ಊರಿನ ಕೇರಿಯಲ್ಲಿರುವ ಮತದಾರ ನಿರ್ಭಯನಾದ ಎನ್ನಲಾಗದು. ಮತ ಹಾಕುವ ದಿನ ಪೊಲೀಸರು ಇರುತ್ತಾರೆ. ಮರುದಿನ ಕೂಲಿ ಕೊಡುವವರು, ಕೂಲಿ ತಪ್ಪಿಸುವವರು ಊರಿನವರೇ. ನಮ್ಮ ಕಾನೂನು ಈ ಮರುದಿನವನ್ನು ಕಾಣಲು ಬಹಳ ಕಾಲ ಹಿಡಿಯಿತು.

1951ರ ಜನಪ್ರತಿನಿಧಿ ಕಾಯ್ದೆ ಜಾತಿಯಿಂದ ಹೊರಹಾಕುವ ಬೆದರಿಕೆಯನ್ನು ಚುನಾವಣಾ ಭ್ರಷ್ಟಾಚಾರವೆಂದು ಗುರುತಿಸಿತ್ತು, ನಿಜ. ಆದರೆ ಅದರ ಫಲ ಗೆದ್ದವರ ಆಯ್ಕೆ ರದ್ದಾಗುವುದು. ಬೆದರಿಕೆಗೆ ಒಳಗಾದವನ ಕೈಗೆ ಏನೂ ಬರದು. 1989ರಲ್ಲಿ ಮತಗಟ್ಟೆ ವಶವೇ ಪ್ರತ್ಯೇಕ ಅಪರಾಧವಾಯಿತು. ಅದೇ ವರ್ಷದ ದೌರ್ಜನ್ಯ ತಡೆ ಕಾಯ್ದೆ ಇಂಥವರಿಗೇ ಮತ ಹಾಕು, ಹಾಕಬೇಡ ಎಂದು ದಲಿತರನ್ನು ಬೆದರಿಸುವುದನ್ನೂ ಸೇರಿಸಿಕೊಂಡಿತು.

1993 ಈ ಭಾಗಕ್ಕೆ ಮರೆಯಲಾಗದ ವರ್ಷ. ಮಾರ್ಚ್‌ನಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೇ ಮೂವರು ದಲಿತರ ಕೊಲೆಯಾಯಿತು. ಅದು ಚುನಾವಣೆಯ ಹಿಂಸೆಯಲ್ಲ. ಆದರೂ ಹಕ್ಕು ಕೇಳಿದವರ ಮೇಲೆ ಊರು ತಿರುಗಿಬೀಳುವ ಬಗೆ ಎರಡರಲ್ಲೂ ಒಂದೇ. ಅದೇ ವರ್ಷ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೂ ಕೇಂದ್ರದ ಮಾನವ ಹಕ್ಕುಗಳ ಕಾಯ್ದೆಯೂ ಬಂದವು. ನಮ್ಮ ರಾಜ್ಯ ಮಾನವ ಹಕ್ಕುಗಳ ಆಯೋಗ ಕೆಲಸ ಶುರುಮಾಡಿದ್ದು ಮಾತ್ರ 2007ರಲ್ಲಿ. ಅದೂ ಶಿಫಾರಸು ಮಾಡಬಲ್ಲದೇ ಹೊರತು ಶಿಕ್ಷಿಸಲಾರದು.

ನಿಜವಾದ ತಿರುವು 2016ರ ಜನವರಿಯಲ್ಲಿ ಜಾರಿಗೆ ಬಂದ ದೌರ್ಜನ್ಯ ತಡೆ ಕಾಯ್ದೆಯ ತಿದ್ದುಪಡಿ. ನಾಮಪತ್ರ ಹಾಕದಂತೆ ತಡೆಯುವುದು, ಪಂಚಾಯಿತಿಯ ದಲಿತ ಸದಸ್ಯ ಅಥವಾ ಅಧ್ಯಕ್ಷರ ಕೆಲಸಕ್ಕೆ ಅಡ್ಡಿಮಾಡುವುದು, ಮತದಾನ ಮುಗಿದ ಮೇಲೆ ಹೊಡೆಯುವುದು, ಬಹಿಷ್ಕಾರ ಹಾಕುವುದು, ಸರ್ಕಾರಿ ಸೌಲಭ್ಯ ತಪ್ಪಿಸುವುದು: ಎಲ್ಲವೂ ಹೆಸರುಗೊಂಡ ಅಪರಾಧಗಳಾದವು. ನನ್ನ ಮಟ್ಟಿಗೆ ಇದು ಮತಯಂತ್ರಕ್ಕಿಂತ ದೊಡ್ಡ ಸುಧಾರಣೆ.

ಇನ್ನೊಂದು ಬಗೆಯ ಹಿಂಸೆ 2024ರ ಏಪ್ರಿಲ್ 26ರಂದು ಇದೇ ಲೋಕಸಭಾ ಕ್ಷೇತ್ರದ, ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ನಡೆಯಿತು. ಮೂಲಸೌಕರ್ಯವಿಲ್ಲವೆಂದು ಮತದಾನ ಬಹಿಷ್ಕರಿಸಿದ್ದ ಊರಲ್ಲಿ ಮತಗಟ್ಟೆಯೇ ಧ್ವಂಸವಾಯಿತು. ಕಾನೂನು ಚುರುಕಾಗಿತ್ತು, 29ಕ್ಕೆ ಮರುಮತದಾನವಾಯಿತು. ಒಡೆದ ಯಂತ್ರಕ್ಕೆ ಬದಲಿ ಯಂತ್ರ ಬರಲು ಮೂರೇ ದಿನ ಸಾಕು. ರಸ್ತೆಗೆ ಅಂಥ ಗಡುವು ವಿಧಿಸುವ ಸೆಕ್ಷನ್ ಯಾವ ಚುನಾವಣಾ ಕಾಯ್ದೆಯಲ್ಲೂ ಇಲ್ಲ.

ಬಾಕಿ ಉಳಿದಿರುವ ಕೆಲಸ ಎಣಿಕೆಯದು. ಮತಪೆಟ್ಟಿಗೆಯ ಕಾಲದಲ್ಲಿ ಹಲವು ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸಬಹುದಿತ್ತು. ಯಂತ್ರ ಬಂದ ಮೇಲೆ ಯಾವ ಬೂತು ಯಾರಿಗೆ ಎಷ್ಟು ಕೊಟ್ಟಿತೆಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಕೇರಿಗೊಂದು ಬೂತಿದ್ದರೆ ಗುಟ್ಟು ಉಳಿಯುವುದೆಲ್ಲಿ? ಹಲವು ಯಂತ್ರಗಳ ಮತವನ್ನು ಒಟ್ಟಾಗಿ ಎಣಿಸುವ ಟೋಟಲೈಸರ್ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಹೇಳಿತ್ತು. 2015ರಲ್ಲಿ ಕಾನೂನು ಆಯೋಗವೂ ಹೇಳಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಯಾವ ಬೂತು ಕೈಕೊಟ್ಟಿತೆಂದು ತಿಳಿಯುವ ಆಸೆ ಪಕ್ಷಗಳಿಗೆ ಇಲ್ಲದಿಲ್ಲ.

ಗ್ರಾಮ ಪಂಚಾಯಿತಿಯಲ್ಲಿ ಟೋಟಲೈಸರ್ ಬಂದರೂ ಉಪಯೋಗವಿಲ್ಲ. ಅಲ್ಲಿ ಸುಮಾರು 400 ಜನರಿಗೊಬ್ಬ ಸದಸ್ಯ. ಯಾರು ಎತ್ತ ಎಂಬುದು ಚೀಟಿ ಎಣಿಸುವ ಮೊದಲೇ ಊರಿಗೆ ತಿಳಿದಿರುತ್ತದೆ. ಅಲ್ಲಿ ಇರುವ ಆಸರೆ 2016ರ ತಿದ್ದುಪಡಿಯೇ. ಅದನ್ನು ಕೇಳಬೇಕಾದ್ದು ಪೊಲೀಸ್ ಠಾಣೆಯಲ್ಲಿ, ಮತ್ತು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಜಿಲ್ಲಾಧಿಕಾರಿಗಳ ಜಾಗೃತಿ ಸಮಿತಿಯಲ್ಲಿ.